ಅಕೆನೆತಾಳ ಹೋಟೆಲ್ ವಾಸ

ಫಿಜಿಯ ಸಾವುಸಾವು ಊರಿನಲ್ಲಿ ಹಡಗಿನಿಂದ ಇಳಿದವರಿಗೆ ಮೊದಲು ಕಾಣುವುದು ಅಕೆನೆತಾಳ ಮನೆಯ ಬಾಗಿಲು. ಬಾಗಿಲು ಎನ್ನುವುದು ಹೆಸರಿಗೆ ಮಾತ್ರ. ಯಾವುದೋ ಚಂಡಮಾರುತಕ್ಕೆ ಅದು ಕಿತ್ತು ಹಾರಿಹೋಯಿತು. ಹೊಸದು ಮಾಡಿಸುತ್ತೇನೆ ಎಂದ ಗಂಡ ಪೆನಾಯಾ ಇವತ್ತಿಗೂ ಅದನ್ನೇ ಹೇಳುತ್ತಿದ್ದಾನೆ. ಚೌಕಟ್ಟಿಗೆ ಹೂವಿನ ಚಿತ್ತಾರದ ಬಟ್ಟೆಯೊಂದು ಇಳಿಬಿದ್ದಿದೆ. ಕಡಲ ಗಾಳಿ ಬೀಸಿದಾಗ ಅದು ಎದ್ದೆದ್ದು ಬನ್ನಿ ಬನ್ನಿ ಎನ್ನುವಂತೆ ಆಡುತ್ತದೆ.

ಅದು ಕರೆಯದಿದ್ದರೆ ಅಕೆನೆತಾ ಕರೆಯುತ್ತಾಳೆ. ನಮ್ಮಲ್ಲಿ ಯಾರೇ ಉಣ್ಣಲು ಕೂತಿರಲಿ, ಮನೆಯ ಮುಂದೆ ಯಾರೇ ಹಾದುಹೋಗಲಿ, ‘ಬನ್ನಿ, ಊಟ ಮಾಡಿ’ ಅನ್ನಲೇಬೇಕು. ಹಾದುಹೋಗುವವರು ‘ಆಗಲಿ, ನೀವು ಮಾಡಿ’ ಎಂದು ಮುಂದೆ ನಡೆಯುತ್ತಾರೆ. ಕರೆದವರೂ ಬರಲಿ ಎಂದು ಕರೆದಿರುವುದಿಲ್ಲ, ಕರೆಸಿಕೊಂಡವರೂ ಬರುವುದಿಲ್ಲ. ಆದರೆ ಅಕೆನೆತಾ ಕರೆದರೆ ಜನ ನಿಜವಾಗಿಯೂ ಬಂದುಬಿಡುತ್ತಿದ್ದರು. ಹಡಗಿನ ಇಂಜಿನ್ನನ್ನೂ ಮೀರಿಸುವ ದನಿ ಅವಳದು. ಆ ದನಿಯಲ್ಲಿ ಏನಿತ್ತೋ, ಅವಸರದಲ್ಲಿದ್ದವರ ಕಾಲೂ ತಿರುಗುತ್ತಿತ್ತು. ಅವಳು ತೆಂಗಿನ ಹಾಲಿನಲ್ಲಿ ಬೇಯಿಸಿದ ಬನ್ನುಗಳನ್ನು ಹಡಗುಕಟ್ಟೆಯಲ್ಲಿ ಮಾರುತ್ತಿದ್ದಳು. ಮಾರಿದ್ದಕ್ಕಿಂತ ಹೆಚ್ಚು ಮನೆಯಲ್ಲೇ ಖರ್ಚಾಗುತ್ತಿದ್ದವು.

ಹಡಗು ತಪ್ಪಿಸಿಕೊಂಡವರು, ಹಡಗಿಗೆ ಕಾಯುವವರು, ಹೈಸ್ಕೂಲಿಗೆಂದು ಬಂದ ನೆಂಟರ ಮಕ್ಕಳು, ಸುಮ್ಮನೆ ಬಂದವರು, ಎಲ್ಲರೂ ಅವಳ ಮನೆಯ ಚಾಪೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ತವರಿನಲ್ಲೂ ಹಾಗೆಯೇ ಇತ್ತು. ಐವತ್ತು ದಾಟಿದ್ದರೂ ಅಕೆನೆತಾ ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದವಳಲ್ಲ. ಬೇಸರವೇನೂ ಇರಲಿಲ್ಲ. ಒಮ್ಮೊಮ್ಮೆ ಹಿಟ್ಟು ನಾದುವಾಗ ಮಾತ್ರ ಅವಳ ಕಣ್ಣ ಮುಂದೆ ಒಂದು ಕೋಣೆ ಬರುತ್ತಿತ್ತು. ಅದಕ್ಕೆ ಬಾಗಿಲಿರುತ್ತಿತ್ತು, ಬಾಗಿಲಿಗೆ ಬೀಗವಿರುತ್ತಿತ್ತು, ಒಳಗೆ ಒಂದು ಮಂಚ, ಮಂಚದ ಮೇಲೆ ಅವಳು. ಅಷ್ಟೇ. ಮುಂದಕ್ಕೆ ಏನಾಗಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಮೈದಾ ಮೂಟೆ ತರಲು ಹೋದಾಗ ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ, ಮೂಟೆ ಕೊಂಡವರ ಹೆಸರುಗಳಲ್ಲಿ ಚೀಟಿ ಎತ್ತಿದರಂತೆ, ಅದರಲ್ಲಿ ನಿಮಗೆ ಬಹುಮಾನ ಬಂದಿದೆ ಎಂದ. ರಾಜಧಾನಿ ಸುವಾದ ಪೇಟೆಯ ನಟ್ಟನಡುವೆ ಒಂದು ಸಣ್ಣ ಹೋಟೆಲಿನಲ್ಲಿ ಎರಡು ರಾತ್ರಿ ವಾಸ, ಬೆಳಗಿನ ತಿಂಡಿಯೂ ಸೇರಿ. ಅಕೆನೆತಾ ಮೂಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅರ್ಧ ದಾರಿಯಲ್ಲಿ ನೆನಪಾಗಿ ಹಿಂದಕ್ಕೆ ಹೋದಳು. ಮತ್ತೆ ಅರ್ಧ ದಾರಿಯಲ್ಲಿ ತಿಮಲೇತಿ ನೆನಪಾಗಿ ನಿಂತುಬಿಟ್ಟಳು.

ತಿಮಲೇತಿ ಪೆನಾಯಾನ ಅಕ್ಕ. ಸುವಾದಲ್ಲಿ ಮನೆ. ಅವಳೂ ಅಕೆನೆತಾಳೂ ಒಂದೇ ವಾರಿಗೆಯವರಾದ್ದರಿಂದ ಒಬ್ಬರನ್ನೊಬ್ಬರು ಅತ್ತಿಗೆ ಎಂದೇ ಕರೆಯುವರು, ಭೇಟಿಯಾದಾಗಲೆಲ್ಲ ಒಬ್ಬರ ಕಾಲು ಒಬ್ಬರು ಎಳೆಯುವರು. ಹೊಸ ಸೊಸೆಯಾಗಿ ಬಂದಾಗ ಅತ್ತೆಯ ಬಾಯಿಗೆ ಅಡ್ಡ ನಿಂತು ಅಕೆನೆತಾಳನ್ನು ಕಾಪಾಡಿದವಳು ತಿಮಲೇತಿಯೇ. ಅಕೆನೆತಾ ಸುವಾಕ್ಕೆ ಹೋದರೆ ತನ್ನ ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದಳು. ಊರಲ್ಲಿ ನೆಂಟರ ಮನೆ ಇದ್ದೂ ಹೋಟೆಲಿನಲ್ಲಿ ಉಳಿದರೆ, ಆ ಮನೆಯಲ್ಲಿ ಒಂದು ಹಿಡಿ ಅನ್ನವಿಲ್ಲ, ಒಂದು ಗೇಣು ಜಾಗವಿಲ್ಲ ಎಂದು ಸಾರಿದ ಹಾಗೆ. ಹಿಂದೊಮ್ಮೆ ದಾಯಾದಿಯೊಬ್ಬ ಸುವಾಕ್ಕೆ ಬಂದವನು ತಿಮಲೇತಿಯ ಮನೆ ಬಿಟ್ಟು ಬೇರೆ ನೆಂಟರಲ್ಲಿ ಉಳಿದುಕೊಂಡ. ಆಮೇಲೆ ಎರಡು ಕ್ರಿಸ್‌ಮಸ್ ಕಳೆದರೂ ಅವಳು ಅವನೊಂದಿಗೆ ಮಾತಾಡಲಿಲ್ಲ. ಅದು ಬರೀ ಬೇರೆ ಮನೆ. ಇದು ಹೋಟೆಲು.

ಆಸೆಯೂ ಬಿಡಲಿಲ್ಲ, ಭಯವೂ ಬಿಡಲಿಲ್ಲ. ಕೊನೆಗೆ ಅಕೆನೆತಾ ಮನೆಯಲ್ಲಿ ಸುಳ್ಳು ಹೇಳಿದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಸುವಾದಲ್ಲಿ ಕಣ್ಣು ತೋರಿಸಿ ಬರುತ್ತೇನೆ, ತಿಮಲೇತಿಯ ಜೊತೆ ಉಳಿಯುತ್ತೇನೆ ಎಂದಳು. ತಿಮಲೇತಿಗೆ ಏನನ್ನೂ ಹೇಳಲಿಲ್ಲ. ಪೆನಾಯಾನಿಗೂ ನಿಜ ಹೇಳಲಿಲ್ಲ, ಕಾವಾ ಬೇರಿನ ಅಮಲು ನೀರನ್ನು ಎರಡನೇ ಬಟ್ಟಲು ಕುಡಿಯುವಷ್ಟರಲ್ಲಿ ಅವನ ಹೊಟ್ಟೆಯಲ್ಲಿದ್ದ ಗುಟ್ಟೆಲ್ಲ ಬಾಯಿಗೆ ಬರುತ್ತಿತ್ತು. ಆದರೆ ಒಂದು ಮಾತನ್ನು ಅವಳು ಮರೆತಿದ್ದಳು. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಪೆನಾಯಾ ಬೆಳಗಿನಿಂದ ಕಡಲಂಚಿನ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಹೊರಳಾಡಿ, ಅಂಗೈಗಿಂತ ದೊಡ್ಡ ಏಡಿಗಳನ್ನು ಹಿಡಿದು, ಒಂದೊಂದರ ಕೊಂಬನ್ನೂ ಬಳ್ಳಿಯಿಂದ ಬಿಗಿದು, ತೆಂಗಿನ ಗರಿಯ ಬುಟ್ಟಿಯಲ್ಲಿ ತುಂಬಿ ಹಡಗುಕಟ್ಟೆಗೆ ತಂದ. ಅಕ್ಕನಿಗೆ ಇಷ್ಟ, ಜೀವಂತವಾಗಿಯೇ ಮುಟ್ಟಿಸು ಎಂದ. ಕೆಸರು ಮೆತ್ತಿದ ಅವನ ಮುಖ ನೋಡಿ ಅಕೆನೆತಾ ಬುಟ್ಟಿ ತೆಗೆದುಕೊಂಡಳು.

ಹಡಗು ಸುವಾ ಮುಟ್ಟಿದಾಗ ಮರುದಿನ ಬೆಳಗಾಗಿತ್ತು, ಎಂದಿನಂತೆ ಮಳೆ ಹನಿಯುತ್ತಿತ್ತು. ತಲೆಗೆ ದೊಡ್ಡ ಟೋಪಿ ಇಳಿಸಿಕೊಂಡು, ಬುಟ್ಟಿಯನ್ನು ಎದೆಗವಚಿಕೊಂಡು ಅಕೆನೆತಾ ಗೋಡೆಯಂಚಿನಲ್ಲೇ ನಡೆದಳು. ಆದರೆ ನಮ್ಮಲ್ಲಿ ಎದುರಾದವರು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾರೆ. ಮಾರುಕಟ್ಟೆಯ ಗೆಡ್ಡೆ ಮಾರುವವಳು ಕೇಳಿದಳು, ಬಸ್ಸಿನ ಡ್ರೈವರ್ ಕೇಳಿದ, ಸಿಗ್ನಲ್ಲಿನ ಪೊಲೀಸಿನವನೂ ಕೈಸನ್ನೆಯಲ್ಲೇ ಕೇಳಿದ. ಅವಳು ಎಲ್ಲರಿಗೂ ಇಲ್ಲೇ, ಇಲ್ಲೇ ಎನ್ನುತ್ತಾ ಓಡಿದಳು. ಓಡುತ್ತಿರುವುದು ತಾನೇ ಎಂದು ಹೊಳೆದಾಗ ನಗು ಉಕ್ಕಿ ಬಂತು. ಮೊಮ್ಮಕ್ಕಳಿರುವ ಹೆಂಗಸು ಸ್ಕೂಲಿಗೆ ಚಕ್ಕರ್ ಹಾಕಿದ ಹುಡುಗಿಯಂತೆ ಅಂಗಡಿ ಸಾಲಿನಲ್ಲಿ ಓಡುತ್ತಿದ್ದಳು.

ಹೋಟೆಲು ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು, ಮೆಟ್ಟಿಲ ಕೊನೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ರಂಜೇಶ್ನಿ ಎಂಬ ತರುಣಿ. ಅವಳೂ ಮೊದಲು ಕೇಳಿದ್ದು ಸುವಾದಲ್ಲಿ ನೆಂಟರಿಲ್ಲವೇ ಎಂದೇ. ಅಕೆನೆತಾ ಬಹುಮಾನದ ಕಾಗದವನ್ನು ಬೇಗ ಬೇಗ ಮುಂದಿಟ್ಟಳು. ರಂಜೇಶ್ನಿ ಓದುತ್ತಾ ನೆಲದ ಮೇಲಿನ ಬುಟ್ಟಿಯನ್ನೂ ನೋಡಿದಳು.

“ಅದರಲ್ಲಿ ಏನಿದೆ ಆಂಟಿ?”

“ಕೆಸುವಿನ ಗೆಡ್ಡೆ.”

ರಂಜೇಶ್ನಿ ಮೇಜಿನ ಮೇಲಿಂದ ಬಾಗಿ ನೋಡಿದಳು.

“ಗೆಡ್ಡೆ ನಡ್ಕೊಂಡು ಮೆಟ್ಟಿಲ ಹತ್ರ ಹೋಗ್ತಿದೆ ಆಂಟಿ.”

ಅಕೆನೆತಾ ಬುಟ್ಟಿಯನ್ನು ಹಿಡಿದುಕೊಂಡಳು. ರಂಜೇಶ್ನಿ ಮತ್ತೇನೂ ಕೇಳದೆ ಬೀಗದ ಕೈ ಕೊಟ್ಟಳು. ಕೊಡುವಾಗ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಕೋಣೆ ಚಿಕ್ಕದು. ಅಕೆನೆತಾಳಿಗೆ ಅದು ಚರ್ಚಿನಷ್ಟು ದೊಡ್ಡದಾಗಿ ಕಂಡಿತು, ಏಕೆಂದರೆ ಅದರಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲು ಹಾಕಿ ಬೀಗ ತಿರುಗಿಸಿದಳು. ಕಟ್ ಎಂದಿತು. ಎಷ್ಟು ಮುದ್ದಾದ ಸದ್ದು. ಇನ್ನೊಮ್ಮೆ ಕೇಳಬೇಕೆಂದು ತೆಗೆದು ಮತ್ತೆ ಹಾಕಿದಳು. ಆಮೇಲೆ ಹೊರಗಿನಿಂದ ಹೇಗೆ ಕಾಣುತ್ತದೆಯೋ ಎಂದು ಹೊರಗೆ ಹೋಗಿ ಬೀಗ ಹಾಕಿದಳು, ಒಳಗೆ ಬಂದು ಹಾಕಿದಳು. ಮೇಜಿನ ಕಡೆಯಿಂದ ರಂಜೇಶ್ನಿ, ಬೀಗ ಕೆಟ್ಟಿದೆಯಾ ಎಂದು ಕೂಗಿದಳು. ಇಲ್ಲ, ತುಂಬಾ ಚೆನ್ನಾಗಿದೆ ಎಂದು ಅಕೆನೆತಾ ಮನಸಾರೆ ಹೇಳಿದಳು.

ಏಡಿಗಳನ್ನು ಸ್ನಾನದ ಮನೆಯಲ್ಲಿಟ್ಟು ಮೇಲೆ ಒದ್ದೆ ಟವೆಲ್ ಹೊದಿಸಿದಳು. ಬಿಸಿನೀರಿನಲ್ಲಿ ಹಾಡುತ್ತಾ ಮಿಂದಳು. ಯಾರೂ ಬಾಗಿಲು ಬಡಿಯಲಿಲ್ಲ, ಯಾರ ಸೋಪೂ ಕಳೆದುಹೋಗಿರಲಿಲ್ಲ. ಹೊರಗೆ ಬಂದು ಮಂಚ ನೋಡಿದಳು. ಬಿಳಿ ಹೊದಿಕೆಯನ್ನು ನಾಲ್ಕೂ ಕಡೆ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ತಲೆದಿಂಬಿನ ಕಡೆಯಿಂದ, ಲಕೋಟೆಯೊಳಗೆ ಕಾಗದ ಹೋಗುವಂತೆ, ನಿಧಾನವಾಗಿ ಜಾರಿ ಒಳಗೆ ಸೇರಿದಳು. ಕೈ ಚಾಚಿದರೆ ಯಾರೂ ತಾಗಲಿಲ್ಲ. ಕಾಲು ಅಗಲಿಸಿದರೂ ತಾಗಲಿಲ್ಲ. ದಿಂಬಿಗೆ ಮುಖವೊತ್ತಿ ನಕ್ಕಳು. ನಗು ನಿಲ್ಲದೆ ಮಂಚವೂ ಕಿರ್‌ಗುಟ್ಟಿ ನಕ್ಕಿತು.

ಮಧ್ಯಾಹ್ನ ಹಸಿವಾಯಿತು. ಮನೆಯಿಂದ ತಂದ ಬನ್ನು, ಬೇಯಿಸಿದ ಮರಗೆಣಸು, ಬಾಳೆಯೆಲೆಯಲ್ಲಿ ಸುತ್ತಿದ ಮೀನು, ಎಲ್ಲವನ್ನೂ ಕಿಟಕಿಯ ಕೆಳಗೆ ಟವೆಲ್ ಹಾಸಿ ಬಡಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಪ್ರಾರ್ಥನೆ ಹೇಳಿ ತುತ್ತು ಎತ್ತಿದಳು. ತುತ್ತು ಬಾಯಿಯ ಹತ್ತಿರವೇ ನಿಂತಿತು. ಮುಚ್ಚಿದ ಬಾಗಿಲ ಹಿಂದೆ ಕದ್ದು ತಿಂದ ಹಾಗೆ ಅನಿಸಿತು. ಬಾಗಿಲು ತೆರೆದರೆ ಯಾರಾದರೂ ನೋಡುತ್ತಾರೆ. ಅದಕ್ಕೇ ಕಿಟಕಿಯನ್ನು ತೆರೆದಳು. ತಣ್ಣನೆ ಗಾಳಿ ಬಂತು, ಬಸ್ಸುಗಳ ಸದ್ದು ಬಂತು, ಈಗ ಊಟ ಊಟದಂತಾಯಿತು.

ಮೀನು ಹಿಡಿದೇ ಎದ್ದು ಹೊರಗೆ ಇಣುಕಿದಳು. ಕೆಳಗೆ ಬೀದಿಯಲ್ಲಿ ನೀಲಿ ಚೌಕುಳಿಯ ಕೊಡೆಯೊಂದು ಬಂದು ನಿಂತಿತು. ಯಾರೋ ಮಳೆ ಕಡಿಮೆಯಾಗಲೆಂದು ಕಾದು ನಿಂತಿದ್ದರು. ಅಕೆನೆತಾ ಕೊಡೆಯನ್ನು ನೋಡಿದಳು, ಕೈಯಲ್ಲಿದ್ದ ಮೀನನ್ನು ನೋಡಿದಳು. ಬಾಯಿ ಅವಳನ್ನು ಕೇಳಲೇ ಇಲ್ಲ.

“ಬನ್ನಿ, ಊಟ ಮಾಡಿ.”

ಇಡೀ ಬೀದಿಗೆ ಕೇಳಿಸಿತು. ಕೊಡೆ ನಿಧಾನವಾಗಿ ಹಿಂದಕ್ಕೆ ವಾಲಿತು. ಕೊಡೆಯ ಕೆಳಗೆ ತಿಮಲೇತಿ ಇದ್ದಳು. ಮಳೆ ಮುಖಕ್ಕೆ ಬೀಳುತ್ತಿದ್ದರೂ ಕಣ್ಣು ಮಿಟುಕಿಸಲಿಲ್ಲ.

ಅಕೆನೆತಾ ತಲೆ ಒಳಗೆಳೆದುಕೊಂಡಳು. ಪರದೆಯ ಹಿಂದೆ ನಿಂತಳು, ಕಾಲು ಕಾಣುತ್ತಿತ್ತು. ಮಂಚದ ಕೆಳಗೆ ನುಗ್ಗಲು ನೋಡಿದಳು, ಮಂಚಕ್ಕೆ ಕೆಳಗು ಎಂಬುದೇ ಇರಲಿಲ್ಲ. ಮೆಟ್ಟಿಲ ಬಳಿ ತಿಮಲೇತಿಯ ದನಿ ಕೇಳಿಸಿತು. ಅವಳು ಕೇಳುವ ಮೊದಲೇ ರಂಜೇಶ್ನಿ, ಅಂಥವರು ಯಾರೂ ಇಲ್ಲಿಲ್ಲ ಎನ್ನುತ್ತಿದ್ದಳು. ಹೆಜ್ಜೆ ಸದ್ದು ಹತ್ತಿರ ಬಂತು. ಬಾಗಿಲು ಬಡಿದ ಸದ್ದಾಯಿತು.

“ಬಾಗಿಲು ತೆಗಿ. ಊಟಕ್ಕೆ ಕರೆದು ಬೀಗ ಹಾಕ್ಕೊಳ್ಳೋ ಹೆಂಗಸು ಇಡೀ ಫಿಜಿಯಲ್ಲಿ ನೀನೊಬ್ಳೇ.”

ಬೆಳಗಿನಿಂದ ಅಷ್ಟು ಸಲ ತಿರುಗಿಸಿದ ಬೀಗ ಈಗ ತಿರುಗಲೊಲ್ಲದು. ಕೊನೆಗೂ ತೆರೆದಾಗ ತಿಮಲೇತಿ ಒಳಗೆ ಬಂದು ಹಾಸಿಗೆ, ಕೆಟಲ್ಲು, ಟವೆಲ್ಲಿನ ಮೇಲಿನ ಊಟ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಮ್ಮನೆ ಯಾವಾಗ ಸುಟ್ಟುಹೋಯ್ತು ಅತ್ತಿಗೆ? ನಂಗೆ ಯಾರೂ ಹೇಳ್ಲೇ ಇಲ್ಲ.”

ತಮಾಷೆಯ ಮಾತೇ. ಆದರೆ ತಿಮಲೇತಿ ನಗಲಿಲ್ಲ. ಅಷ್ಟರಲ್ಲಿ ಸ್ನಾನದ ಮನೆಯಲ್ಲಿ ಏನೋ ಧಡ್ ಎಂದಿತು.

“ಒಳಗೆ ಯಾರು?”

“ಯಾರೂ ಇಲ್ಲ.”

ಮತ್ತೆ ಸದ್ದಾಯಿತು, ಜೊತೆಗೆ ಪರಪರ ಕೆರೆದಂತೆ.

“ಯಾರೂ ಇಲ್ಲದೋರು ಸ್ನಾನ ಮಾಡ್ತಿದಾರಾ?” ತಿಮಲೇತಿಯ ಮುಖ ಬಿಳಿಚಿತು. ಕೊಡೆಯನ್ನು ಮಡಚಿ ದೊಣ್ಣೆಯಂತೆ ಹಿಡಿದಳು. “ನೀನು ನಂಗೆ ಎಷ್ಟೇ ಬೇಕಾದೋಳಾದ್ರೂ ಪೆನಾಯಾ ನನ್ನ ತಮ್ಮ, ತಿಳ್ಕೋ.” ಹಾಗೆಂದು ಬಾಗಿಲಿಗೆ ಕೊಡೆಯಿಂದ ಬಡಿದಳು. “ಏಯ್, ಹೊರಗೆ ಬಾರಯ್ಯಾ. ಬಟ್ಟೆ ಹಾಕ್ಕೊಂಡೇ ಬಾ.”

ಯಾರೂ ಬರಲಿಲ್ಲ. ತಿಮಲೇತಿ ಬಾಗಿಲನ್ನು ಒದ್ದಳು. ಒದ್ದೆ ನೆಲದ ನಡುವೆ, ಬಳ್ಳಿ ಬಿಚ್ಚಿಕೊಂಡ ದೊಡ್ಡ ಏಡಿಯೊಂದು ಹೋಟೆಲಿನ ಸ್ನಾನದ ಟೋಪಿಯನ್ನು ಬೆನ್ನಿಗೇರಿಸಿಕೊಂಡು, ಎರಡೂ ಕೊಂಬು ಮೇಲಕ್ಕೆತ್ತಿ, ಶರಣಾದವನಂತೆ ನಿಂತಿತ್ತು.

ಎತ್ತಿದ ಕೊಡೆ ಕೆಳಗಿಳಿಯಿತು. ಏಡಿ ಯಾರಿಗೆ ಎಂದು ತಿಮಲೇತಿ ಕೇಳಿದಳು. ನಿನಗೇ, ನಿನ್ನ ತಮ್ಮ ಕೆಸರಿಗಿಳಿದು ಹಿಡಿದದ್ದು ಎಂದಳು ಅಕೆನೆತಾ. ತಿಮಲೇತಿ ಮಂಚದ ತುದಿಯಲ್ಲಿ ಕೂತುಬಿಟ್ಟಳು. ಈಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅಕೆನೆತಾಳಿಗೆ ಅನಿಸಿತು.

“ನಮ್ಮನೇಲಿ ನಿಂಗೆ ಏನು ಕಡಿಮೆ ಮಾಡಿದೀನಿ? ಮಂಚ ಬಿಟ್ಟುಕೊಡಲ್ವಾ?”

“ಅದಕ್ಕೇ ಅತ್ತಿಗೆ. ನಿನ್ನ ಮಂಚದ ಮೇಲೆ ಮಲಗಿದ್ರೆ ಕೆಳಗೆ ನೀನು ಕೆಮ್ಮೋದು ಕೇಳ್ತಾ ಇರತ್ತೆ. ಇಳಿತೀನಿ ಅಂದ್ರೆ ನೀನು ಬಿಡಲ್ಲ. ಬೆಳಗಾದ್ರೆ ಇಬ್ಬರ ಬೆನ್ನೂ ನೋವು.” ಅಕೆನೆತಾ ಹೊದಿಕೆಯ ಅಂಚನ್ನು ನೇವರಿಸಿದಳು. “ಒಂದ್ಸಲ ಯಾರ ಹೆಂಡ್ತೀನೂ ಅಲ್ದೆ, ಯಾರ ಅಮ್ಮಾನೂ ಅಲ್ದೆ ಸುಮ್ನೆ ಮಲಗ್ಬೇಕು ಅನ್ನಿಸ್ತು. ನಿಂಗೆ ಹೇಳಕ್ಕೆ ಬಾಯಿ ಬರ್ಲಿಲ್ಲ.”

ತಿಮಲೇತಿ ಒದ್ದೆ ಕೊಡೆಯನ್ನು ಮಂಚದ ಪಕ್ಕಕ್ಕೆ ಇಟ್ಟಳು. ಅಕೆನೆತಾ ನೆಲದ ಮೇಲೆ ಕೂತು, ಬಿಚ್ಚಿಕೊಂಡ ಏಡಿಯನ್ನು ಹಿಂದಿನಿಂದ ಹಿಡಿದು ಬುಟ್ಟಿಗೆ ಹಾಕಿದಳು. ಬುಟ್ಟಿಯನ್ನು ಎರಡೂ ಕೈಯಲ್ಲೆತ್ತಿ, ತಲೆ ತಗ್ಗಿಸಿ, ಹಿರಿಯರು ದೊಡ್ಡ ತಪ್ಪಿಗೆ ಕ್ಷಮೆ ಕೇಳುವ ರೀತಿಯಲ್ಲೇ ಹೇಳತೊಡಗಿದಳು. ಈ ಬುಟ್ಟಿ ಚಿಕ್ಕದು, ನನ್ನ ತಪ್ಪು ದೊಡ್ಡದು, ನಿಮ್ಮ ಮನೆಯ ಹೊಸ್ತಿಲು ತುಳಿಯದೆ ಮುಂದೆ ಬಂದಿದ್ದೇನೆ, ನಿಮ್ಮ ಮನಸ್ಸು ನೋಯಿಸಿದ್ದೇನೆ, ಇದನ್ನು ಮುಟ್ಟಿ ನನ್ನನ್ನು ಹಗುರ ಮಾಡಿ. ಮುಟ್ಟಿದರೆ ಕ್ಷಮಿಸಿದಂತೆ. ಮುಟ್ಟದೆ ಎದ್ದುಹೋದರೆ ಅಲ್ಲಿಗೆ ಮುಗಿಯಿತು. ಬುಟ್ಟಿ ಭಾರವಾಗಿತ್ತು, ಆದರೂ ಅಕೆನೆತಾ ಇಳಿಸಲಿಲ್ಲ. ಬುಟ್ಟಿಯೊಳಗಿನಿಂದ ಒಂದು ಕೊಂಬು ಹೊರಬಂದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ನನ್ನ ಏಡೀನ ನಂಗೇ ಕೊಟ್ಟು ತಪ್ಪಾಯ್ತು ಅಂತಿದೀಯಲ್ಲ,” ಎಂದಳು ತಿಮಲೇತಿ ಬಹಳ ಗಂಭೀರವಾಗಿ. “ಮುಖ ಎಲ್ಲಿಟ್ಕೊಂಡಿದೀಯ?”

“ಆ ದಿಂಬಿನ ಮೇಲಿಡೋಣ ಅಂತಾನೇ ಬಂದಿದ್ದೆ.”

ತಿಮಲೇತಿಯ ತುಟಿ ಅದುರಿತು. ಅವಳು ಕಿಟಕಿಯತ್ತ ನೋಡಿದಳು, ಕೊಡೆಯತ್ತ ನೋಡಿದಳು, ಸ್ನಾನದ ಟೋಪಿಯತ್ತ ನೋಡಿದ್ದೇ ತಡ, ಹೊಟ್ಟೆಯಾಳದಿಂದ ನಗು ಹೊಮ್ಮಿತು. ನಗುತ್ತಲೇ ಕೈ ಚಾಚಿ ಬುಟ್ಟಿಯನ್ನು ಮುಟ್ಟಿದಳು. ಕ್ರಮದ ಪ್ರಕಾರ ಅಂಗೈಗಳನ್ನು ಬೋಗುಣಿ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಬೇಕು. ಮೊದಲನೆಯದು ಸರಿಯಾಗಿ ಬಿತ್ತು, ಎರಡನೆಯದಕ್ಕೆ ಕೈಯೇ ಸೇರಲಿಲ್ಲ. ಬಟ್ಟೆ ಹಾಕ್ಕೊಂಡೇ ಬಾ ಅಂದೆನಲ್ಲೇ ಎಂದು ಬಿಕ್ಕುತ್ತಾ ಮಂಚದ ಮೇಲೆ ಒರಗಿದಳು. ಪಾಪ, ಟೋಪಿ ಒಂದೇ ಸಿಕ್ಕಿದ್ದು ಎಂದಳು ಅಕೆನೆತಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡರು. ಯಾರಿಗಾದರೂ ಏನಾದರೂ ಆಯಿತೇ ಎಂದು ಬಂದ ರಂಜೇಶ್ನಿ ಬಾಗಿಲಲ್ಲೇ ನಿಂತು, ಕಾರಣ ಗೊತ್ತಿಲ್ಲದೆ ತಾನೂ ನಕ್ಕಳು.

ನಗು ಆರಿದ ಮೇಲೆ ತಿಮಲೇತಿ ಕಣ್ಣೊರೆಸಿಕೊಂಡು ಕೇಳಿದಳು.

“ಈ ಮನೆ ಈಗ ಯಾರ್ದು?”

“ನಂದು. ಎರಡು ರಾತ್ರಿ.”

“ಹಾಗಾದ್ರೆ ನಾನು ನೆಂಟಳು.” ತಿಮಲೇತಿ ಕಾಲು ಮೇಲೆತ್ತಿಕೊಂಡು ಹಾಸಿಗೆಯ ನಟ್ಟನಡುವೆ ಸರಿದಳು. “ನೆಂಟರಿಗೆ ಏನು ಕೊಡ್ತಾರೆ ಅತ್ತಿಗೆ?”

ಅಕೆನೆತಾ ಅವಳನ್ನು ನೋಡಿದಳು, ಲಕೋಟೆಯಂತಿದ್ದ ಬಿಳಿ ಹಾಸಿಗೆಯನ್ನು ನೋಡಿದಳು. ಅದರಲ್ಲಿ ಅವಳು ಮಲಗಿದ್ದು ಒಂದು ಬೆಳಗು ಮಾತ್ರ.

“ಮಂಚ,” ಎಂದಳು.

ತಿಮಲೇತಿ ಮನೆಗೆ ಫೋನ್ ಮಾಡಿ, ಅಕೆನೆತಾಳ ಕಣ್ಣಿನ ಸಲುವಾಗಿ ಜೊತೆಗಿರಬೇಕಾಗಿದೆ, ನಾಡಿದ್ದು ಬರುತ್ತೇನೆ ಎಂದಳು. ಅತ್ತ ಕಡೆಯವರು ಸಾರಿನ ಪಾತ್ರೆಯ ಮುಚ್ಚಳ ಎಲ್ಲಿದೆ ಎಂದು ಕೇಳಿದರು. ಹುಡುಕಿ ಎಂದು ಫೋನನ್ನು ಆರಿಸಿ ದಿಂಬಿನಡಿ ಇಟ್ಟಳು. ಆಮೇಲೆ ಎದ್ದುಹೋಗಿ ತಾನೇ ಬೀಗ ತಿರುಗಿಸಿದಳು. ಕಟ್ ಎಂದಿತು. ಅವಳ ಕಣ್ಣು ಅಗಲವಾಯಿತು. ತೆಗೆದು ಮತ್ತೊಮ್ಮೆ ಹಾಕಿದಳು.

ಸಂಜೆ ರಂಜೇಶ್ನಿ ಹೋಟೆಲಿನ ಅಡುಗೆಮನೆಯಲ್ಲಿ ತನ್ನ ಅಮ್ಮನ ಮಸಾಲೆ ಹಾಕಿ ಏಡಿ ಬೇಯಿಸಿದಳು. ಮೂವರೂ ಕೋಣೆಯ ನೆಲದ ಮೇಲೆ ಬಾಗಿಲು ಹಾರುಹೊಡೆದು ಕೂತು ಚಿಪ್ಪು ಒಡೆದರು. ಬಾಗಿಲ ಮುಂದೆ ಹಾದುಹೋಗುವವರನ್ನೆಲ್ಲ ಅತ್ತಿಗೆಯರಿಬ್ಬರೂ ಒಂದೇ ದನಿಯಲ್ಲಿ ಕರೆದರು. ಎರಡೂ ರಾತ್ರಿ ಅಕೆನೆತಾ ಹೊದಿಕೆ ಹಾಸಿಕೊಂಡು ಕೆಳಗೆ ಮಲಗಿದಳು. ಮೇಲೆ ತಿಮಲೇತಿ ಒಮ್ಮೆಯೂ ಕೆಮ್ಮದೆ, ಕೈಕಾಲು ಚೆಲ್ಲಿ, ರಾಣಿಯಂತೆ ಗೊರಕೆ ಹೊಡೆದಳು. ಆ ಗೊರಕೆ ಕೇಳುತ್ತಾ ಅಕೆನೆತಾಳಿಗೂ ಎಲ್ಲಿಲ್ಲದ ನಿದ್ದೆ ಬಂತು.

ಸಾವುಸಾವುವಿನಲ್ಲಿ ಹಡಗುಕಟ್ಟೆಗೆ ಬಂದಿದ್ದ ಪೆನಾಯಾ, ಏಡಿಗಳು ಜೀವಂತ ಮುಟ್ಟಿದವೇ ಎಂದು ಕೇಳಿದ. ಬಹಳ ಜೀವಂತ ಎಂದಳು. ಎಲ್ಲಿ ಉಳಿದುಕೊಂಡಿದ್ದೆ ಎಂದು ಕೇಳಿದ. ತಿಮಲೇತಿಯ ಜೊತೆ ಎಂದಳು, ಹೊರಡುವಾಗ ಹೇಳಿದ್ದ ಅದೇ ಮಾತನ್ನು, ಈಗ ಕಣ್ಣಿಗೆ ಕಣ್ಣಿಟ್ಟು.

“ಅಕ್ಕ ಮಂಚ ಕೊಟ್ಳಾ?”

“ಈ ಸಲ ಕೊಡ್ಲಿಲ್ಲ.”

ಪೆನಾಯಾ ದಾರಿಯಲ್ಲೇ ನಿಂತ. ಅಕ್ಕ ಹಾಗೆ ಮಾಡುವವಳಲ್ಲ, ವಯಸ್ಸಾಯಿತೋ ಏನೋ ಎಂದು ಚಿಂತೆಯಿಂದ ತಲೆ ಕೆರೆದುಕೊಂಡ. ಅಕೆನೆತಾ ಅವನ ತೋಳು ಹಿಡಿದು ನಗುತ್ತಾ ನಗುತ್ತಾ ಮನೆಯವರೆಗೂ ಎಳೆದುಕೊಂಡು ಹೋದಳು. ದೂರದಲ್ಲಿ ಹೂವಿನ ಬಟ್ಟೆ ಆಗಲೇ ಎದ್ದು ಕರೆಯುತ್ತಿತ್ತು.